ಯಾರಿಗೆ ಯಾರು ಜೋಡಿ: ಹ್ಯಾರಿ ಪಾಟರ್ ಓದುಗರ ಹಳೇ ಜಗಳ

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅರ್ಧಕ್ಕೆ ನಿಂತ ಒಂದು ಮಾತಿನಿಂದ ಶುರು ಮಾಡುತ್ತೇನೆ. ಹ್ಯಾರಿ ಪಾಟರ್ ಸರಣಿಯ ಆರನೇ ಪುಸ್ತಕ. ಹ್ಯಾರಿ, ರಾನ್, ಹರ್ಮಯೊನಿ ಅನ್ನುವ ಮೂವರು ಸ್ನೇಹಿತರು ಮಾಂತ್ರಿಕರ ಶಾಲೆಯಲ್ಲಿ ಓದುವ ಕಥೆ ಅದು. ಮದ್ದು ತಯಾರಿಸುವುದನ್ನು ಕಲಿಸುವ ತರಗತಿ. ಸ್ಲಗ್‌ಹಾರ್ನ್ ಮೇಷ್ಟ್ರು ಒಂದು ಕಡಾಯಿಯಲ್ಲಿ ಮರುಳುಮದ್ದು ಕಾಯಿಸಿಟ್ಟಿದ್ದಾರೆ. ಯಾರಿಗೆ ಏನು ಇಷ್ಟವೋ ಅವರಿಗೆ ಅದರ ವಾಸನೆಯೇ ಬರುತ್ತದೆ, ಅದು ಆ ಮದ್ದಿನ ಗುಣ. ಹರ್ಮಯೊನಿ ಎಂದಿನಂತೆ ಕೈಯೆತ್ತುತ್ತಾಳೆ. ನನಗೆ ಆಗ ತಾನೇ ಕತ್ತರಿಸಿದ ಹುಲ್ಲಿನ ವಾಸನೆ ಬರುತ್ತಿದೆ, ಬರೆಯುವ ಹೊಸ ಹಾಳೆಯ ವಾಸನೆ ಬರುತ್ತಿದೆ, ಮತ್ತೆ... ಅಂತ ಹೇಳಿ ನಿಲ್ಲಿಸಿಬಿಡುತ್ತಾಳೆ. ಮುಖ ಸ್ವಲ್ಪ ಕೆಂಪಾಗುತ್ತದೆ. ಮಾತು ಮುಗಿಸುವುದಿಲ್ಲ. ಪಾಠ ಮುಂದಕ್ಕೆ ಹೋಗುತ್ತದೆ.

ಮೂರನೇ ವಾಸನೆ ಯಾವುದು?

ನನ್ನ ಗೆಳತಿಯೊಬ್ಬಳು ಮತ್ತು ನಾನು ಒಂದೇ ಪ್ರತಿಯನ್ನು ಹಂಚಿಕೊಂಡು ಓದಿದವರು. ಅವಳದು ಹಸಿರು ಪೆನ್ಸಿಲ್, ನನ್ನದು ಕೆಂಪು. ತನ್ನ ಬಣಕ್ಕೆ ಸಾಕ್ಷಿ ಸಿಕ್ಕ ಸಾಲಿನ ಕೆಳಗೆ ಅವಳು ಹಸಿರು ಗೆರೆ ಎಳೆಯುತ್ತಿದ್ದಳು, ನಾನು ಕೆಂಪು ಗೆರೆ. ಅವಳು ರಾನ್ ಮತ್ತು ಹರ್ಮಯೊನಿ ಜೋಡಿಯಾಗಬೇಕು ಅನ್ನುವವಳು. ನಾನು ಹ್ಯಾರಿ ಮತ್ತು ಹರ್ಮಯೊನಿ ಕಡೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಈ ಸಾಲಿನ ಕೆಳಗೆ ಎರಡೂ ಬಣ್ಣದ ಗೆರೆಗಳಿವೆ, ಒಂದರ ಮೇಲೊಂದು. ಒಂದೇ ಸಾಲು ಇಬ್ಬರಿಗೂ ಸಾಕ್ಷಿಯಾಗಿ ಕಂಡಿತ್ತು. ಅದು ಹೇಗೆ ಸಾಧ್ಯ ಅನ್ನುವುದೇ ನನ್ನ ಇವತ್ತಿನ ವಿಷಯ.

ಈ ಲೋಕ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಕಥೆಯೊಳಗಿನ ಇಬ್ಬರು ಒಂದಾಗಲಿ ಅಂತ ಬಯಸುವುದಕ್ಕೆ ಅಭಿಮಾನಿಗಳು ‘ಶಿಪ್ ಮಾಡುವುದು’ ಅನ್ನುತ್ತಾರೆ. ಇದು ರಿಲೇಶನ್‌ಶಿಪ್ ಅನ್ನುವ ಪದದ ಬಾಲ. 1993ರಲ್ಲಿ ಶುರುವಾದ ‘ಎಕ್ಸ್ ಫೈಲ್ಸ್’ ಅನ್ನುವ ಅಮೆರಿಕದ ಟೀವಿ ಧಾರಾವಾಹಿಯ ಅಭಿಮಾನಿಗಳಿಂದ ಬಂದದ್ದು. ಅದರಲ್ಲಿ ಮಲ್ಡರ್, ಸ್ಕಲಿ ಅಂತ ಇಬ್ಬರು ತನಿಖೆಗಾರರು. ಇವರ ನಡುವೆ ಪ್ರೀತಿ ಬೆಳೆಯಲಿ ಅಂದವರು ಶಿಪ್ಪರ್‌ಗಳಾದರು. ಬೇಡಪ್ಪಾ, ಕೆಲಸದ ಕಥೆ ಕೆಲಸದ ಕಥೆಯಾಗಿಯೇ ಇರಲಿ ಅಂದವರು ‘ನೋರೋಮೋ’ ಆದರು. ರೊಮ್ಯಾನ್ಸ್ ಬೇಡ ಅಂತ ಅರ್ಥ. ಹ್ಯಾರಿ ಪಾಟರ್ ಓದುಗರ ಕೈಗೆ ಬಂದ ಮೇಲೆ ಈ ಪದಕ್ಕೆ ಹಡಗಿನ ಅರ್ಥವೂ ಸೇರಿಕೊಂಡಿತು. ನಮ್ಮ ಹಡಗು ತೇಲುತ್ತಿದೆ, ನಿಮ್ಮದು ಮುಳುಗಿತು ಅಂತ ಮಾತಾಡಿದರು. ಜೋಡಿಗಳಿಗೆ ಹಡಗಿನ ಹಾಗೆ ಹೆಸರುಗಳೂ ಬಂದವು. ಹ್ಯಾರಿ ಮತ್ತು ಹರ್ಮಯೊನಿ ಕಡೆಯವರು ತಮ್ಮ ಜೋಡಿಯನ್ನು ‘ಹಾರ್ಮನಿ’ ಅಂದರು. ಎದುರು ಬಣದವರು ರಾನ್ ಮತ್ತು ಹರ್ಮಯೊನಿಯ ಹೆಸರು ಬೆಸೆದು ‘ರೊಮಾಯನಿ’ ಅಂದರು.

ಈ ಜಗಳ ಅಷ್ಟು ದೊಡ್ಡದಾಗಲು ಕಾರಣ ಕಾಯುವಿಕೆ. ನಾಲ್ಕನೇ ಪುಸ್ತಕ ಬಂದದ್ದು 2000ದ ಜುಲೈ 8ಕ್ಕೆ. ಐದನೆಯದು 2003ರ ಜೂನ್ 21ಕ್ಕೆ. ಹತ್ತಿರ ಹತ್ತಿರ 3 ವರ್ಷ. ಅಭಿಮಾನಿಗಳು ಆ ಅವಧಿಗೆ ‘ಮೂರು ವರ್ಷದ ಬೇಸಿಗೆ’ ಅಂತ ಹೆಸರಿಟ್ಟಿದ್ದರು. ಓದಲು ಹೊಸದೇನೂ ಇಲ್ಲ. ಮನೆಮನೆಗೆ ಇಂಟರ್‌ನೆಟ್ ಬರುತ್ತಿದ್ದ ಕಾಲ. ಕೈಯಲ್ಲಿರುವ 4 ಪುಸ್ತಕಗಳನ್ನೇ ಹತ್ತು ಸಲ, ಇಪ್ಪತ್ತು ಸಲ ಓದಬೇಕು. ಹಾಗೆ ಓದುವವರ ಕಣ್ಣಿಗೆ ಮೊದಲ ಓದಿನಲ್ಲಿ ಕಾಣದ್ದು ಕಾಣುತ್ತದೆ. ಯಾರು ಯಾರ ಪಕ್ಕ ಕೂತರು, ಯಾರು ಯಾರನ್ನು ಮೊದಲು ನೋಡಿದರು, ಯಾರ ಮುಖ ಯಾವಾಗ ಕೆಂಪಾಯಿತು, ಎಲ್ಲದಕ್ಕೂ ಲೆಕ್ಕ. ಕಥೆಯ ಒಂದೊಂದು ಸಾಲನ್ನೂ ವಕೀಲರ ಹಾಗೆ ಹಿಡಿದು ವಾದ ಮಾಡುವುದನ್ನು ಎಷ್ಟೋ ಮಕ್ಕಳು ಕಲಿತದ್ದು ಇಲ್ಲೇ. ನಾನಂತೂ ಇಲ್ಲೇ ಕಲಿತೆ.

ಎರಡೂ ಕಡೆಯ ವಾದವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ನಮ್ಮ ಬಣದ ಬಲವಾದ ಸಾಕ್ಷಿ ನಾಲ್ಕನೇ ಪುಸ್ತಕದಲ್ಲಿತ್ತು. ಒಂದು ದೊಡ್ಡ ಸ್ಪರ್ಧೆಗೆ ಸ್ಪರ್ಧಿಗಳನ್ನು ಆರಿಸುವ ಬೆಂಕಿಯ ಬಟ್ಟಲಿನಿಂದ ಹ್ಯಾರಿಯ ಹೆಸರು ಹೊರಗೆ ಬರುತ್ತದೆ. ಅವನೇ ಮೋಸ ಮಾಡಿ ಹೆಸರು ಹಾಕಿದ್ದಾನೆ ಅಂತ ಹೆಚ್ಚುಕಮ್ಮಿ ಇಡೀ ಶಾಲೆಯೇ ನಂಬುತ್ತದೆ. ರಾನ್ ಕೂಡ ಮಾತು ಬಿಡುತ್ತಾನೆ. ಮರುದಿನ ಬೆಳಿಗ್ಗೆ ಊಟದ ಹಾಲ್‌ಗೆ ಹೋಗಲು ಹ್ಯಾರಿಗೆ ಧೈರ್ಯ ಬರುವುದಿಲ್ಲ. ಹೊರಗೆ ಬಂದರೆ ಹರ್ಮಯೊನಿ ನಿಂತಿದ್ದಾಳೆ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಟೋಸ್ಟ್. ನೀನು ಹಾಕಿದ್ಯಾ ಅಂತ ಅವಳು ಕೇಳುವುದೇ ಇಲ್ಲ. ನಡಿ, ಸ್ವಲ್ಪ ಓಡಾಡಿಕೊಂಡು ಬರೋಣ ಅನ್ನುತ್ತಾಳೆ. ಇಬ್ಬರೂ ಕೆರೆಯ ಸುತ್ತ ನಡೆಯುತ್ತಾರೆ. ನನಗೆ ಆ ದೃಶ್ಯ ಇವತ್ತಿಗೂ ಇಷ್ಟ. ಪ್ರೀತಿ ಅಂದರೆ ಹೀಗೇ ಇರಬೇಕು ಅಂತ ಆ ವಯಸ್ಸಿನಲ್ಲಿ ಅನ್ನಿಸಿತ್ತು. ನಂಬಿಕೆ, ಮತ್ತು ಕೈಯಲ್ಲೊಂದು ತಿಂಡಿ.

ಮೂರನೇ ಪುಸ್ತಕದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸಿ ಇಬ್ಬರೇ ಹೋಗಿ ಎರಡು ಜೀವ ಉಳಿಸುತ್ತಾರೆ. ನಾಲ್ಕನೆಯದರ ಕೊನೆಯಲ್ಲಿ ರೈಲ್ವೆ ನಿಲ್ದಾಣದಲ್ಲಿ ಅವಳು ಅವನ ಕೆನ್ನೆಗೆ ಮುತ್ತು ಕೊಡುತ್ತಾಳೆ. ಹಿಂದೆಂದೂ ಹಾಗೆ ಮಾಡಿರಲಿಲ್ಲ ಅಂತ ಲೇಖಕಿಯೇ ಬರೆಯುತ್ತಾರೆ. 3 ವರ್ಷ ಆ ಒಂದು ವಾಕ್ಯದ ಮೇಲೆ ಬದುಕಿದವರು ನಾವು.

ಗೆಳತಿ ನಗುತ್ತಿದ್ದಳು. ಅದೇ ನಾಲ್ಕನೇ ಪುಸ್ತಕ ತೆಗೆದು ಬೇರೆ ಪುಟ ತೋರಿಸುತ್ತಿದ್ದಳು. ರಾನ್ ಮಾತು ಬಿಟ್ಟ ಆ ದಿನಗಳಲ್ಲಿ ಹ್ಯಾರಿಗೆ ಹೇಗನ್ನಿಸಿತು ಅಂತ ಅಲ್ಲಿ ಬರೆದಿದೆ. ಹರ್ಮಯೊನಿ ಇಷ್ಟವೇ, ಆದರೆ ಅವಳು ರಾನ್ ಅಲ್ಲ. ಅವಳ ಜೊತೆ ಇದ್ದರೆ ನಗು ಕಮ್ಮಿ, ಲೈಬ್ರರಿ ಜಾಸ್ತಿ. ಮುಂದೆ ಕೆರೆಯ ತಳದ ಸ್ಪರ್ಧೆ ಬರುತ್ತದೆ. ಪ್ರತಿಯೊಬ್ಬ ಸ್ಪರ್ಧಿಗೂ ಯಾರನ್ನು ಕಳೆದುಕೊಂಡರೆ ಅತಿ ಹೆಚ್ಚು ನೋವೋ ಅವರನ್ನೇ ನೀರಿನಡಿ ಕಟ್ಟಿಹಾಕಿರುತ್ತಾರೆ. ಇನ್ನೊಬ್ಬ ಸ್ಪರ್ಧಿ ವಿಕ್ಟರ್ ಕ್ರಮ್‌ಗೆ ಅಲ್ಲಿ ಹರ್ಮಯೊನಿ. ಹ್ಯಾರಿಗೆ ರಾನ್. ‘ಇದಕ್ಕಿಂತ ಇನ್ನೇನು ಬೇಕು ನಿನಗೆ?’ ಅಂತ ಅವಳು ಕೇಳಿದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಇನ್ನು ನೃತ್ಯದ ರಾತ್ರಿ. ಹರ್ಮಯೊನಿ ಕ್ರಮ್ ಜೊತೆ ಬಂದಿದ್ದಾಳೆ ಅಂತ ರಾನ್ ಸಿಡಿಮಿಡಿ ಅನ್ನುತ್ತಾನೆ. ಯಾಕೆ ಕೋಪ ಅಂತ ಅವನಿಗೇ ಗೊತ್ತಿಲ್ಲ. ರಾತ್ರಿ ಇಬ್ಬರೂ ಕೂಗಾಡುತ್ತಾರೆ. ಮುಂದಿನ ಸಲ ನೃತ್ಯ ಇದ್ದಾಗ ಬೇರೆಯವರಿಗಿಂತ ಮೊದಲೇ ನನ್ನನ್ನು ಕೇಳು, ಕೊನೇ ಗತಿ ಅಂತ ಕೇಳಬೇಡ ಅಂತ ಹೇಳಿ ಅವಳು ಮೆಟ್ಟಿಲು ಹತ್ತಿ ಹೋಗುತ್ತಾಳೆ. ಐದನೆಯದರಲ್ಲಿ ಕ್ವಿಡಿಚ್ ಅನ್ನುವ, ಪೊರಕೆ ಮೇಲೆ ಹಾರಿ ಆಡುವ ಆಟಕ್ಕೆ ಮುಂಚೆ ರಾನ್ ಕೆನ್ನೆಗೆ ಮುತ್ತು ಕೊಡುತ್ತಾಳೆ. ಅವನು ಏನಾಯಿತು ಅಂತ ಅರ್ಥವಾಗದೆ ಕೆನ್ನೆ ಮುಟ್ಟಿಕೊಂಡು ನಿಲ್ಲುತ್ತಾನೆ. ನಾವು ಒಂದು ಮುತ್ತಿನ ಮೇಲೆ ಬದುಕಿದ್ದರೆ ಅವರಿಗೂ ಒಂದು ಸಿಕ್ಕಿತು, ಅದೂ ಕೆನ್ನೆ ಮುಟ್ಟಿಕೊಂಡ ಕೈಯ ಸಮೇತ.

ಇಲ್ಲಿ ಸಿನಿಮಾದ ಮಾತು ಹೇಳಲೇಬೇಕು. ಸಿನಿಮಾ ಮಾತ್ರ ನೋಡಿದವರು ನಮ್ಮ ಬಣಕ್ಕೆ ಬಂದು ಸೇರಿದ್ದು ಜಾಸ್ತಿ, ಅದಕ್ಕೊಂದು ಕಾರಣವೂ ಇದೆ. ಮೂರನೇ ಪುಸ್ತಕದಲ್ಲಿ ಕಾಲು ಮುರಿದುಕೊಂಡ ರಾನ್ ಕಷ್ಟಪಟ್ಟು ಎದ್ದು ನಿಂತು, ಹ್ಯಾರಿಯನ್ನು ಕೊಲ್ಲಬೇಕಾದರೆ ನಮ್ಮನ್ನೂ ಕೊಲ್ಲಬೇಕಾಗುತ್ತದೆ ಅನ್ನುತ್ತಾನೆ. ಸಿನಿಮಾದಲ್ಲಿ ಆ ಮಾತು ಹರ್ಮಯೊನಿಯ ಬಾಯಲ್ಲಿ ಬರುತ್ತದೆ. ಅದೇ ಪುಸ್ತಕದಲ್ಲಿ ಸ್ನೇಪ್ ಮೇಷ್ಟ್ರು ಹರ್ಮಯೊನಿಯನ್ನು ಎಲ್ಲಾ ಬಲ್ಲವಳು ಅಂತ ಕಟುವಾಗಿ ಹೀಯಾಳಿಸುತ್ತಾರೆ. ರಾನ್ ಅವಳ ಪರ ಎದುರು ಮಾತಾಡಿ ಶಿಕ್ಷೆ ತಿನ್ನುತ್ತಾನೆ. ಸಿನಿಮಾದ ರಾನ್ ಮಾತ್ರ, ಮೇಷ್ಟ್ರು ಹೇಳಿದ್ದರಲ್ಲಿ ನಿಜ ಇದೆ ಅಂದುಬಿಡುತ್ತಾನೆ. ಎರಡು ಸಣ್ಣ ಬದಲಾವಣೆ ಅಷ್ಟೇ. ಆದರೆ ರಾನ್‌ನ ಧೈರ್ಯ ಒಂದರಲ್ಲಿ ಹೋಯಿತು, ಅವನ ನಿಷ್ಠೆ ಇನ್ನೊಂದರಲ್ಲಿ ಹೋಯಿತು. ಉಳಿದದ್ದು ತಿನ್ನುವ, ಹೆದರುವ, ನಗಿಸುವ ಹುಡುಗ. ಅಂಥವನಿಗೆ ಹರ್ಮಯೊನಿಯಾ ಅಂತ ಜನ ಕೇಳಿದರೆ ಅದರಲ್ಲಿ ಜನರ ತಪ್ಪೇನು? ನಾನು ಎದುರು ಬಣದ ವ್ಯಕ್ತಿಯಾದರೂ ಹೇಳುತ್ತೇನೆ, ರಾನ್‌ಗೆ ಅನ್ಯಾಯವಾಗಿದೆ.

2005ರ ಜುಲೈ 16. ಆರನೇ ಪುಸ್ತಕ ಹೊರಬಂದ ದಿನ. ಅದೇ ದಿನ ಲೇಖಕಿ ಜೆ. ಕೆ. ರೌಲಿಂಗ್ ಎಡಿನ್‌ಬರೋದಲ್ಲಿ ಅಭಿಮಾನಿಗಳ ಎರಡು ದೊಡ್ಡ ವೆಬ್‌ಸೈಟ್ ನಡೆಸುತ್ತಿದ್ದ ಇಬ್ಬರು ಚಿಕ್ಕ ವಯಸ್ಸಿನವರಿಗೆ ಸಂದರ್ಶನ ಕೊಟ್ಟರು. ಜೋಡಿಯ ಪ್ರಶ್ನೆ ಬಂತು. ರಾನ್ ಮತ್ತು ಹರ್ಮಯೊನಿಯ ಬಗ್ಗೆ ಕಮ್ಮಾರನ ಅಡಿಗಲ್ಲಿನಷ್ಟು ದಪ್ಪ ಸುಳಿವುಗಳನ್ನು ಕೊಟ್ಟಿದ್ದೇನಲ್ಲಾ ಅನ್ನುವ ಅರ್ಥದ ಮಾತನ್ನು ರೌಲಿಂಗ್ ಆಡಿದರು. ಕೇಳುತ್ತಿದ್ದವರಲ್ಲಿ ಒಬ್ಬರು, ಇನ್ನೂ ಹ್ಯಾರಿ–ಹರ್ಮಯೊನಿ ಅನ್ನುವವರದು ಭ್ರಮೆ ಅಂದರು. ರೌಲಿಂಗ್ ಆ ಪದವನ್ನು ಒಪ್ಪಲಿಲ್ಲ. ಅವರೂ ನನಗೆ ಬೇಕಾದ ಓದುಗರೇ ಅಂದರು. ಆದರೆ ಎಲ್ಲರ ನೆನಪಿನಲ್ಲಿ ಉಳಿದದ್ದು ‘ಭ್ರಮೆ’ ಅನ್ನುವ ಪದ ಮಾತ್ರ.

ಆ ಪದ ಚುಚ್ಚಿತು. ನಾವು ಸೋತದ್ದಕ್ಕೆ ಅಷ್ಟು ಬೇಜಾರಾಗಿರಲಿಲ್ಲ. ಒಂದೊಂದು ಸಾಲನ್ನೂ ಪ್ರೀತಿಯಿಂದ ಓದಿದವರಿಗೆ ನಿನಗೆ ಓದಲು ಬರುವುದಿಲ್ಲ ಅಂದರೆ ಹೇಗಾಗುತ್ತದೆ? ಹಾಗಾಗಿತ್ತು. ಗೆಳತಿ ಮಾತ್ರ ಆ ದಿನ ಫೋನ್ ಮಾಡಿ, ‘ನಿನ್ನ ಕೆಂಪು ಗೆರೆಗಳೇನೂ ಸುಳ್ಳಲ್ಲ ಕಣೇ’ ಅಂದಳು. ಗೆದ್ದವರು ಹೀಗೆ ಮಾತಾಡುವುದು ಕಮ್ಮಿ.

2007ರ ಜುಲೈ 21ಕ್ಕೆ ಏಳನೇ ಪುಸ್ತಕ ಬಂತು. 19 ವರ್ಷ ಆದ ಮೇಲಿನ ಕೊನೆಯ ಭಾಗದಲ್ಲಿ ಹ್ಯಾರಿಗೆ ರಾನ್‌ನ ತಂಗಿ ಜಿನ್ನಿ, ರಾನ್‌ಗೆ ಹರ್ಮಯೊನಿ, ಎಲ್ಲರಿಗೂ ಮಕ್ಕಳು. ಮುಗಿಯಿತು ಅಂದುಕೊಂಡೆವು.

2014ರ ಫೆಬ್ರವರಿಯಲ್ಲಿ ಮತ್ತೆ ಎದ್ದಿತು. ಸಿನಿಮಾದಲ್ಲಿ ಹರ್ಮಯೊನಿಯಾಗಿದ್ದ ಎಮ್ಮಾ ವಾಟ್ಸನ್ ‘ವಂಡರ್‌ಲ್ಯಾಂಡ್’ ಅನ್ನುವ ಪತ್ರಿಕೆಗೆ ರೌಲಿಂಗ್ ಅವರ ಸಂದರ್ಶನ ಮಾಡಿದ್ದರು. ಅದರಲ್ಲಿ ರೌಲಿಂಗ್, ಹರ್ಮಯೊನಿ ಮತ್ತು ರಾನ್ ಜೋಡಿಯನ್ನು ತನ್ನ ಆಸೆ ತೀರಿಸಿಕೊಳ್ಳಲು ಬರೆದೆ, ಕಥೆ ಮೊದಲು ಮನಸ್ಸಿಗೆ ಬಂದ ರೀತಿಯನ್ನೇ ಹಿಡಿದುಕೊಂಡದ್ದರಿಂದ ಹಾಗಾಯಿತು ಅಂದರು. ಕೆಲವು ರೀತಿಯಲ್ಲಿ ಹ್ಯಾರಿ ಮತ್ತು ಹರ್ಮಯೊನಿ ಜೋಡಿಯೇ ಹೆಚ್ಚು ಹೊಂದುತ್ತದೆ ಅಂತಲೂ ಹೇಳಿದರು. ಮೊದಲು ಸಂದರ್ಶನದ ತುಣುಕುಗಳಷ್ಟೇ ಹೊರಗೆ ಬಂದವು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ತಲೆಬರಹ ಮಾಡಿದವು. ಪೂರ್ತಿ ಸಂದರ್ಶನ ಬಂದಾಗ ಮಾತು ಅಷ್ಟು ಖಾರವಾಗಿರಲಿಲ್ಲ. ಸ್ವಲ್ಪ ಕೌನ್ಸೆಲಿಂಗ್ ತೆಗೆದುಕೊಂಡರೆ ರಾನ್, ಹರ್ಮಯೊನಿ ಚೆನ್ನಾಗಿಯೇ ಇರುತ್ತಾರೆ ಅನ್ನುವ ಮಾತೂ ಅಲ್ಲಿತ್ತು.

ನನಗೆ ಆ ಸಂದರ್ಶನದಲ್ಲಿ ಮುಖ್ಯ ಅನ್ನಿಸಿದ್ದು ಬೇರೊಂದು ಮಾತು. ಏಳನೇ ಪುಸ್ತಕದಲ್ಲಿ ರಾನ್ ಸಿಟ್ಟು ಮಾಡಿಕೊಂಡು ಹೊರಟುಹೋದ ಮೇಲೆ ಹ್ಯಾರಿ, ಹರ್ಮಯೊನಿ ಇಬ್ಬರೇ ಡೇರೆಯಲ್ಲಿ ಉಳಿಯುತ್ತಾರಲ್ಲ, ಅದನ್ನು ಬರೆಯುವಾಗ ಅವರಿಬ್ಬರ ನಡುವೆ ಏನೋ ಇದೆ ಅಂತ ತನಗೂ ಬಲವಾಗಿ ಅನ್ನಿಸಿತ್ತು ಅಂತ ರೌಲಿಂಗ್ ಹೇಳಿದರು. ಅದನ್ನು ಚಿತ್ರಕಥೆ ಬರೆದ ಸ್ಟೀವ್ ಕ್ಲೋವ್ಸ್‌ಗೆ ಹೇಳಿರಲಿಲ್ಲವಂತೆ. ಅವರಿಗೂ ಅದೇ ಜಾಗದಲ್ಲಿ ಅದೇ ಅನ್ನಿಸಿತಂತೆ. 2010ರ ಸಿನಿಮಾದಲ್ಲಿ ಡೇರೆಯೊಳಗೆ ಇಬ್ಬರೂ ಕುಣಿಯುವ ದೃಶ್ಯ ಇದೆ, ಪುಸ್ತಕದಲ್ಲಿ ಇಲ್ಲ. ಕೊನೆಗೂ ನಮ್ಮ ಭ್ರಮೆಗೆ ಜೊತೆಗಾರರು ಸಿಕ್ಕಿದ್ದರು, ಅದರಲ್ಲಿ ಒಬ್ಬರು ಲೇಖಕಿಯೇ.

ಗೆದ್ದೆವು ಅಂತ ಕುಣಿಯಬೇಕಿತ್ತು ಅಲ್ವಾ? ನನಗೆ ಹಾಗಾಗಲಿಲ್ಲ. ಗೆಳತಿಯ ಹಸಿರು ಗೆರೆಗಳು ನೆನಪಾದವು. 2005ರಲ್ಲಿ ಲೇಖಕಿಯ ಮಾತಿನಿಂದ ನನ್ನ ಗೆರೆಗಳು ಅಳಿಸಿಹೋಗಿರಲಿಲ್ಲ ಅಂದಮೇಲೆ 2014ರ ಮಾತಿನಿಂದ ಅವಳ ಗೆರೆಗಳು ಅಳಿಸಿಹೋಗುವುದು ಹೇಗೆ?

ಓದುಗರು ಲೇಖಕರ ಜೊತೆ ಹೀಗೆ ಗುದ್ದಾಡಿದ್ದು ನಮ್ಮ ಕಾಲದಲ್ಲೇ ಮೊದಲಲ್ಲ. ಇಂಗ್ಲಿಷ್ ಕಾದಂಬರಿಗೆ ಇನ್ನೂ ಎಳೆ ವಯಸ್ಸಿದ್ದಾಗಲೇ ಶುರುವಾಗಿತ್ತು. 1747–48ರಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಅವರ ‘ಕ್ಲಾರಿಸ್ಸಾ’ ಕಂತುಕಂತಾಗಿ ಹೊರಬರುತ್ತಿತ್ತು. ಕಥೆ ದುಃಖದ ಕಡೆ ಹೋಗುತ್ತಿದೆ ಅಂತ ಗೊತ್ತಾದಾಗ ಲೇಡಿ ಬ್ರ್ಯಾಡ್‌ಶೇ ಅನ್ನುವ ಓದುಗರು ಬೇರೆ ಹೆಸರಿನಲ್ಲಿ ಪತ್ರ ಬರೆದು, ನಾಯಕಿಯ ಹಿಂದೆ ಬಿದ್ದ ಆ ಕೇಡಿಗನನ್ನು ತಿದ್ದಿ, ಇಬ್ಬರಿಗೂ ಮದುವೆ ಮಾಡಿಸಿ ಅಂತ ಬೇಡಿಕೊಂಡರು. ರಿಚರ್ಡ್‌ಸನ್ ಒಪ್ಪಲಿಲ್ಲ.

ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಅವರ ಕಥೆ ಇನ್ನೂ ಚೆನ್ನಾಗಿದೆ. ‘ಲಿಟ್ಲ್ ವಿಮೆನ್’ ಮೊದಲ ಭಾಗ 1868ರಲ್ಲಿ ಬಂತು. ಹುಡುಗಿಯರಿಂದ ಪತ್ರಗಳ ಮೇಲೆ ಪತ್ರ. ಕಥೆಯ ನಾಯಕಿ ಜೋ ಪಕ್ಕದ ಮನೆಯ ಹುಡುಗ ಲಾರಿಯನ್ನೇ ಮದುವೆಯಾಗಬೇಕು. ಆಲ್ಕಾಟ್ ಅದೇ ವರ್ಷ ದಿನಚರಿಯಲ್ಲಿ, ಮದುವೆಯೇ ಹೆಣ್ಣಿನ ಬಾಳಿನ ಗುರಿ ಅನ್ನುವ ಹಾಗೆ ಕೇಳುತ್ತಾರೆ, ಯಾರನ್ನೋ ಮೆಚ್ಚಿಸಲು ನಾನು ಜೋಗೆ ಲಾರಿಯನ್ನು ಕಟ್ಟುವುದಿಲ್ಲ ಅಂತ ಬರೆದುಕೊಂಡರು. ಜೋ ಮದುವೆಯಾಗದೆ ಬರಹಗಾರ್ತಿಯಾಗಿ ಉಳಿಯಲಿ ಅನ್ನುವುದು ಅವರ ಆಸೆ. ಒತ್ತಾಯ ತಡೆಯಲಾರದೆ ಎರಡನೇ ಭಾಗದಲ್ಲಿ ಯಾರೂ ನಿರೀಕ್ಷಿಸದ, ವಯಸ್ಸಾದ ಪ್ರೊಫೆಸರ್ ಒಬ್ಬರಿಗೆ ಜೋಳನ್ನು ಕೊಟ್ಟರು. ಹಟಕ್ಕೆ ಹೀಗೆ ಮಾಡಿದೆ ಅಂತ 1869ರ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಓದುಗರು ಗೆದ್ದರಾ, ಲೇಖಕಿ ಗೆದ್ದರಾ? ಇಬ್ಬರೂ ಸೋತರು ಅಂತ ನನಗನ್ನಿಸುತ್ತದೆ.

ನನ್ನ ಮೆಚ್ಚಿನ ಉದಾಹರಣೆ ಮಾತ್ರ ವಾಲ್ಟರ್ ಸ್ಕಾಟ್ ಅವರದು. ‘ಐವನ್‌ಹೋ’ ಕಾದಂಬರಿಯ ನಾಯಕ ರೊವೀನಾಳನ್ನು ಮದುವೆಯಾಗುತ್ತಾನೆ. ಓದಿದವರಿಗೆಲ್ಲ ಇಷ್ಟವಾದದ್ದು ಯಹೂದಿ ಹುಡುಗಿ ರೆಬೆಕಾ. ಗಾಯಗೊಂಡ ಅವನ ಆರೈಕೆ ಮಾಡಿದವಳು ಅವಳು. ಧೈರ್ಯ, ಬುದ್ಧಿ ಎಲ್ಲದರಲ್ಲೂ ಅವಳೇ ಮುಂದು. ಇವಳನ್ನು ಬಿಟ್ಟು ಅವಳನ್ನು ಯಾಕೆ ಕೊಟ್ಟಿರಿ ಅಂತ ಓದುಗರು ಬೈದರು. 1830ರ ಮುನ್ನುಡಿಯಲ್ಲಿ ಸ್ಕಾಟ್ ಇದಕ್ಕೆ ಉತ್ತರ ಕೊಡಬೇಕಾಯಿತು. ಆ ಕಾಲದ ಪೂರ್ವಗ್ರಹಗಳ ನಡುವೆ ಅಂಥ ಮದುವೆ ಹೆಚ್ಚುಕಮ್ಮಿ ಅಸಾಧ್ಯವಾಗಿತ್ತು ಅಂದರು. ಈ ಉತ್ತರದಿಂದ ಥ್ಯಾಕರೆಗೆ ಸಮಾಧಾನವಾಗಲಿಲ್ಲ. ಅವರೂ ದೊಡ್ಡ ಕಾದಂಬರಿಕಾರರೇ. 1850ರಲ್ಲಿ ‘ರೆಬೆಕಾ ಅಂಡ್ ರೊವೀನಾ’ ಅಂತ ಒಂದು ಪುಟ್ಟ ಪುಸ್ತಕ ಬರೆದು, ಸ್ಕಾಟ್ ಮಾಡದ ಮದುವೆಯನ್ನು ತಾವೇ ಮಾಡಿಸಿದರು. ಈಗಿನ ಮಾತಿನಲ್ಲಿ ಹೇಳಬೇಕೆಂದರೆ ಅದು ಅಪ್ಪಟ ಫ್ಯಾನ್ ಫಿಕ್ಷನ್, ಅಂದರೆ ಬೇರೆಯವರ ಕಥೆಯನ್ನು ಹಿಡಿದು ಓದುಗರೇ ಬರೆಯುವ ಕಥೆ. ತಮ್ಮ ಜೋಡಿ ಪುಸ್ತಕದಲ್ಲಿ ಒಂದಾಗಲಿಲ್ಲ ಅಂತ ರಾತ್ರಿಯೆಲ್ಲ ಕೂತು ಬರೆಯುವ ಹದಿನಾರರ ಹುಡುಗಿಗೆ ಥ್ಯಾಕರೆಯ ಹಿರಿತನ ಇದೆ ಅಂತ ಯಾರಾದರೂ ಹೇಳಬೇಕು. ಅದಕ್ಕೇ ನಾನು ಹೇಳುತ್ತಿದ್ದೇನೆ.

ಸರಿ, ಮೊದಲ ಪ್ರಶ್ನೆಗೆ ಬರೋಣ. ಒಂದೇ ಸಾಲು ಇಬ್ಬರಿಗೂ ಸಾಕ್ಷಿಯಾದದ್ದು ಹೇಗೆ?

ಹ್ಯಾರಿ ಪಾಟರ್ ಕಥೆಯನ್ನು ಹೇಳಿರುವ ರೀತಿ ಗಮನಿಸಿ. ಕೆಲವು ಪುಟಗಳನ್ನು ಬಿಟ್ಟರೆ ಏಳೂ ಪುಸ್ತಕಗಳಲ್ಲಿ ಕಥೆ ಹ್ಯಾರಿಯ ಹೆಗಲ ಹಿಂದೆಯೇ ನಿಂತು ನಡೆಯುತ್ತದೆ. ಅವನು ಕಂಡದ್ದೇ ನಮಗೆ ಕಾಣುವುದು. ಅವನು ಕೋಣೆಯಿಂದ ಹೊರಗೆ ಹೋದರೆ ನಾವೂ ಹೋಗಬೇಕು. ಇದರಿಂದ ಏನಾಗುತ್ತದೆ ನೋಡಿ. ಹ್ಯಾರಿ ಮತ್ತು ಹರ್ಮಯೊನಿ ಇಬ್ಬರೇ ಇರುವ ಹೊತ್ತೆಲ್ಲ ನಮ್ಮ ಕಣ್ಣ ಮುಂದೆ ಇದೆ. ಕೆರೆಯ ಸುತ್ತ ನಡೆದದ್ದು, ಡೇರೆಯೊಳಗಿನ ಮೌನ, ಕ್ರಿಸ್‌ಮಸ್ ಹಿಂದಿನ ರಾತ್ರಿ ಹ್ಯಾರಿಯ ಅಪ್ಪ ಅಮ್ಮನ ಸಮಾಧಿ ಮುಂದೆ ಅವಳು ಮಂತ್ರದಿಂದ ಹೂಮಾಲೆ ಬರಿಸಿದ್ದು, ಎಲ್ಲವೂ. ಆದರೆ ರಾನ್ ಮತ್ತು ಹರ್ಮಯೊನಿ ಇಬ್ಬರೇ ಇರುವ ಹೊತ್ತು ನಮಗೆ ಕಾಣುವುದೇ ಇಲ್ಲ. ಹ್ಯಾರಿಗೆ ಗಾಯವಾಗಿ ಆಸ್ಪತ್ರೆಯಲ್ಲಿ ಮಲಗಿದಾಗ ಅವರಿಬ್ಬರೂ ಹೊರಗೆ ಏನು ಮಾತಾಡಿದರು? ಬೇಸಿಗೆ ರಜೆಯಲ್ಲಿ ಹ್ಯಾರಿ ಬರುವ ಮುಂಚೆಯೇ ಅವಳು ರಾನ್ ಇರುವಲ್ಲಿಗೆ ಬಂದಿರುತ್ತಾಳಲ್ಲ, ಆ ದಿನಗಳು ಹೇಗಿದ್ದವು? ಗೊತ್ತಿಲ್ಲ. ಅವರಿಬ್ಬರ ಜಗಳ ಮಾತ್ರ ಹ್ಯಾರಿಯ ಕಿವಿಗೆ ಬೀಳುತ್ತದೆ, ಜಗಳ ನಡೆಯುವುದು ಅವನ ಎದುರಿಗೇ. ಅವನಿಗೆ ಅದು ತಲೆನೋವು. ಆದ್ದರಿಂದ ನಮಗೂ ತಲೆನೋವು.

ಕಂಡದ್ದನ್ನು ನಂಬಿದವರು ನಾವು. ಎಷ್ಟು ಪುಟ, ಎಷ್ಟು ಹೊತ್ತು, ಎಷ್ಟು ನಂಬಿಕೆ ಅಂತ ಎಣಿಸಿದೆವು. ಗೆಳತಿಯ ಕಡೆಯವರು ಕಾಣದ್ದನ್ನು ಓದಿದರು. ಕೆಂಪಾದ ಮುಖ, ಅರ್ಧಕ್ಕೆ ನಿಂತ ಮಾತು, ಕಾರಣವಿಲ್ಲದ ಸಿಟ್ಟು. ಹ್ಯಾರಿಗೆ ಅರ್ಥವಾಗದ್ದು ಏನೋ ಇಲ್ಲಿದೆ ಅಂತ ಅವರು ಹಿಡಿದರು. ಮರುಳುಮದ್ದಿನ ಆ ಸಾಲನ್ನು ನಾನು ಓದಿದ್ದು, ಹ್ಯಾರಿ ಎದುರಿಗೇ ಇದ್ದಾನೆ ಅಂತ ಅವಳು ನಾಚಿ ನಿಲ್ಲಿಸಿದಳು ಅಂತ. ಗೆಳತಿ ಓದಿದ್ದು, ರಾನ್ ಕೇಳಿಸಿಕೊಳ್ಳುತ್ತಿದ್ದಾನೆ ಅಂತ ನಿಲ್ಲಿಸಿದಳು ಅಂತ. ಇಬ್ಬರೂ ಹುಡುಗರು ಅದೇ ಕೋಣೆಯಲ್ಲಿದ್ದರು. ಪುಟದ ಮೇಲೆ ಇರುವುದು ಒಂದು ಗೆರೆ ಮಾತ್ರ, ಮಾತು ನಿಂತದ್ದನ್ನು ತೋರಿಸುವ ಅಡ್ಡಗೆರೆ. ಸರಣಿ ಮುಗಿದ ಮೇಲೆ 2007ರಲ್ಲಿ ಓದುಗರೊಬ್ಬರು ಕೇಳಿದಾಗ ರೌಲಿಂಗ್ ಅದು ರಾನ್‌ನ ಕೂದಲಿನ ವಾಸನೆ ಇರಬೇಕು ಅಂದರು. ಸರಿ. ಆದರೆ ಪುಸ್ತಕದಲ್ಲಿ ಆ ಜಾಗ ಈಗಲೂ ಖಾಲಿಯೇ.

ಇದರ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಬಾಳುವುದಕ್ಕೆ ಎಂಥವರು ಬೇಕು? ನಮ್ಮ ತಲೆಬಿಸಿ ತಣ್ಣಗೆ ಮಾಡುವವರಾ, ನಮ್ಮನ್ನು ಕೆಣಕಿ ಎಬ್ಬಿಸುವವರಾ? ಹದಿನೈದು ಹದಿನಾರರ ವಯಸ್ಸಿನಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿಕೊಳ್ಳಲು ಮುಜುಗರ. ಹರ್ಮಯೊನಿಯ ನೆಪದಲ್ಲಿ ಕೇಳಿಕೊಳ್ಳಬಹುದು. ಜಗಳ ಅಷ್ಟು ಬಿಸಿಯಾಗಿದ್ದು ಅದಕ್ಕೇ ಅಂತ ನನ್ನ ಅನಿಸಿಕೆ. ನಮ್ಮದೇ ಬಾಳಿನ ಮಾತು ನಡೆಯುತ್ತಿತ್ತು.

ಬಿಸಿ ಸುಟ್ಟದ್ದೂ ಇದೆ. ಅದನ್ನು ಮುಚ್ಚಿಡಬಾರದು. ತಮ್ಮ ಜೋಡಿಗೆ ಅಡ್ಡ ಬಂದ ಪಾತ್ರವನ್ನು ಕೆಟ್ಟವನನ್ನಾಗಿ ಮಾಡಿ ಬರೆಯುವ ಚಾಳಿ ಎಷ್ಟು ಹಬ್ಬಿತೆಂದರೆ ಅದಕ್ಕೆ ರಾನ್‌ನ ಹೆಸರೇ ನಿಂತುಹೋಯಿತು, ‘ರಾನ್ ದ ಡೆತ್ ಈಟರ್’ ಅಂತ. ಖಳನ ಪಡೆಗೆ ಸೇರಿದ ರಾನ್ ಅಂತ ಅರ್ಥ. ಜಿನ್ನಿಗೂ ಹೀಗೇ ಆಯಿತು. ಅವಳ ವಿಷಯದಲ್ಲಿ ಲೇಖಕಿಯದೂ ಪಾಲಿದೆ ಅಂತ ನಾನು ನೇರವಾಗಿ ಹೇಳುತ್ತೇನೆ. ಎರಡನೇ ಪುಸ್ತಕದಲ್ಲಿ ಹ್ಯಾರಿಯನ್ನು ಕಂಡು ಬೆಣ್ಣೆ ತಟ್ಟೆಗೆ ಮೊಣಕೈ ಇಟ್ಟುಬಿಡುವ ಪುಟ್ಟ ಹುಡುಗಿ ಅವಳು. ಅಲ್ಲಿಂದ ಐದನೇ ಪುಸ್ತಕದ ಗಟ್ಟಿ ಹುಡುಗಿಯಾಗುವ ದಾರಿ ನಮಗೆ ಕಾಣುವುದಿಲ್ಲ, ಯಾಕೆಂದರೆ ಹ್ಯಾರಿ ಅವಳ ಕಡೆ ನೋಡುತ್ತಲೇ ಇರಲಿಲ್ಲ. ಆರನೆಯದರಲ್ಲಿ ದಿಢೀರಂತ ಅವನ ಎದೆಯೊಳಗೆ ಒಂದು ಪ್ರಾಣಿ ಎದ್ದು ಗುರುಗುಟ್ಟುತ್ತದೆ. ಅಷ್ಟು ಹೊತ್ತಿಗೆ ಓದುಗರಿಗೆ ಅವಳ ಪರಿಚಯವೇ ಸಾಲದು. ಹಾಗಂತ ಅವಳನ್ನು ಬೈದು ಬರೆದದ್ದು ಸರಿಯಲ್ಲ. ಪಾತ್ರವನ್ನು ಬೈಯುವುದು ಬೇಗ ಆ ಪಾತ್ರವನ್ನು ಮೆಚ್ಚಿದವರನ್ನು ಬೈಯುವುದಾಗುತ್ತದೆ. ಸಾಲಿನ ಮೇಲಿನ ವಾದ ಮನುಷ್ಯರ ಮೇಲೆ ತಿರುಗಿದಾಗ ನಾನೂ ಕೆಲವು ದಿನ ಆ ಗುಂಪಿನಲ್ಲಿದ್ದೆ. ಯಾರದೋ ಓದನ್ನು ದಡ್ಡತನ ಅಂದಿದ್ದೇನೆ. ಅದರ ಬಗ್ಗೆ ನನಗೆ ನಾಚಿಕೆ ಇದೆ.

ಈಗಿನ ಹುಡುಗ ಹುಡುಗಿಯರು ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಮಾಡಿಕೊಂಡಿದ್ದಾರೆ. ‘ಆರ್ಕೈವ್ ಆಫ್ ಅವರ್ ಓನ್’ ಅನ್ನುವ ಫ್ಯಾನ್ ಫಿಕ್ಷನ್ ಸಂಗ್ರಹ 2009ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥೆ, ಅದ್ಭುತ ಕಥೆಗಳ ಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು. ಅಲ್ಲಿ ಎರಡು ಹೆಸರುಗಳ ನಡುವೆ ಓರೆಗೆರೆ ಹಾಕಿದರೆ ಅದು ಪ್ರೀತಿಯ ಕಥೆ. ಆ ಓರೆಗೆರೆಯ ಪದ್ಧತಿ 1970ರ ದಶಕದಿಂದಲೂ ಇದೆ, ‘ಸ್ಟಾರ್ ಟ್ರೆಕ್’ ಅನ್ನುವ ಟೀವಿ ಧಾರಾವಾಹಿಯ ಅಭಿಮಾನಿಗಳು ಅದರ ಪಾತ್ರಗಳಾದ ಕರ್ಕ್ ಮತ್ತು ಸ್ಪಾಕ್ ನಡುವೆ ಹಾಕಿದ್ದು. ಹೆಸರುಗಳ ನಡುವೆ ‘ಮತ್ತು’ ಅನ್ನುವುದರ ಚಿಹ್ನೆ ಹಾಕಿದರೆ ಅದು ಗೆಳೆತನದ ಕಥೆ. ನಿಮಗೆ ಬೇಕಾದ ಬಾಗಿಲು ತೆಗೆದು ಒಳಗೆ ಹೋಗಿ, ಪಕ್ಕದ ಮನೆಗೆ ಕಲ್ಲು ಹೊಡೆಯಬೇಡಿ. ನಮ್ಮ ಕಾಲದಲ್ಲಿ ಇದು ಇದ್ದಿದ್ದರೆ ಎಷ್ಟೋ ಗೆಳೆತನಗಳು ಉಳಿಯುತ್ತಿದ್ದವು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹಿರಿಯರು ಕೇಳಿದರು: ‘ಇಷ್ಟು ದೊಡ್ಡ ಕಥೆ. ಸಾವು, ಯುದ್ಧ, ಅಧಿಕಾರ ಎಲ್ಲಾ ಇದೆ. ಅದನ್ನೆಲ್ಲ ಬಿಟ್ಟು ಯಾರು ಯಾರನ್ನು ಮದುವೆಯಾಗುತ್ತಾರೆ ಅಂತ ಕಿತ್ತಾಡುವುದು ಸಣ್ಣತನ ಅಲ್ವಾ?’

ನಾನು ಹೇಳಿದೆ: ‘ಕಥೆಯೊಳಗಿನ ಯುದ್ಧದಲ್ಲಿ ನಾವು ಮಾಡುವುದು ಏನೂ ಇರಲಿಲ್ಲ ಸರ್. ಯಾರು ಕೆಟ್ಟವರು ಅಂತ ಮೊದಲ ಪುಟದಿಂದ ಗೊತ್ತು. ಅಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗ ಕಮ್ಮಿ. ಎರಡೂ ಕಡೆ ಒಳ್ಳೆಯವರೇ ಇದ್ದು, ಆದರೂ ಒಂದನ್ನು ಆರಿಸಬೇಕು ಅನ್ನುವಂಥ ಪ್ರಶ್ನೆ ಆ ಪುಸ್ತಕದಲ್ಲಿ ನಮಗೆ ಸಿಕ್ಕಿದ್ದು ಇದೊಂದೇ.’ ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಕೇಳಿದಳು: ‘ನೀವು ಈಗ ಯಾವ ಬಣ?’

ಇದಕ್ಕೆ ನಾನು ಒಂದು ಪುಟ ಓದಿ ಹೇಳಿದೆ. ಏಳನೇ ಪುಸ್ತಕದ ಶುರುವಿನ ಭಾಗ. ಮೂವರೂ ತಪ್ಪಿಸಿಕೊಂಡು ಪಾಳುಬಿದ್ದ ಹಳೇ ಮನೆಯೊಂದಕ್ಕೆ ಬಂದು, ನೆಲದ ಮೇಲೆ ಮಲಗಿದ್ದಾರೆ. ಸೋಫಾದ ದಿಂಬುಗಳ ಮೇಲೆ ನೀನೇ ಮಲಗು ಅಂತ ರಾನ್ ಹಟ ಹಿಡಿದಿದ್ದರಿಂದ ಹರ್ಮಯೊನಿ ಅವನಿಗಿಂತ ಸ್ವಲ್ಪ ಎತ್ತರದಲ್ಲಿದ್ದಾಳೆ. ಬೆಳಗಿನ ಜಾವ ಹ್ಯಾರಿಗೆ ಎಚ್ಚರವಾಗುತ್ತದೆ. ನೋಡಿದರೆ ಅವಳ ಕೈ ಕೆಳಗೆ ಇಳಿಬಿದ್ದಿದೆ. ಬೆರಳುಗಳು ರಾನ್‌ನ ಬೆರಳಿಗೆ ಕೆಲವೇ ಅಂಗುಲ ದೂರ. ಕೈ ಹಿಡಿದುಕೊಂಡೇ ನಿದ್ದೆ ಹೋಗಿದ್ದರಾ ಅಂತ ಅವನಿಗೆ ಅನ್ನಿಸುತ್ತದೆ. ಆ ಯೋಚನೆ ಬಂದು, ಯಾಕೋ ತಾನು ಒಂಟಿ ಅನ್ನಿಸುತ್ತದೆ.

ನನ್ನ ಪ್ರತಿಯಲ್ಲಿ ಈ ಸಾಲಿನ ಕೆಳಗೆ ಗೆಳತಿಯ ಹಸಿರು ಗೆರೆ ಇದೆ. ಅವಳು ಗುರುತು ಹಾಕಿದ್ದು ಬೆರಳುಗಳಿಗೆ. ಮೊದಲ ಓದಿನಲ್ಲಿ ನಾನು ಆ ಪುಟವನ್ನು ಸುಮ್ನೆ ದಾಟಿ ಹೋಗಿದ್ದೆ. ಕಳೆದ ವಾರ ಈ ಮಾತಿಗೆ ತಯಾರಾಗುವಾಗ ಮತ್ತೆ ಓದಿದೆ. ಕೆಂಪು ಪೆನ್ಸಿಲ್ ಹುಡುಕಿ, ‘ಒಂಟಿ’ ಅನ್ನುವ ಪದದ ಕೆಳಗೆ ಒಂದು ಗೆರೆ ಎಳೆದೆ.